ಕುಂಚಿಗಿ ತೊಟ್ಟ ರಬ್ಬರ್ ಕೂಸು

ವೈದ್ಯನಾದವನು ಬದುಕಿರುವವರೆಗೂ ವಿದ್ಯಾರ್ಥಿಯೇ; ಶಾಸ್ತ್ರ ದಿನದಿನಕ್ಕೂ ಬೆಳೆಯುತ್ತಿರುವಾಗ ಅದರ ಬೆನ್ನು ಹತ್ತದೆ ಕುಳಿತವನ ಕೈಗೆ ಜೀವಗಳನ್ನು ಒಪ್ಪಿಸುವುದು ಸಮಾಜಕ್ಕೆ ಕ್ಷೇಮವಲ್ಲ. ಈ ಗಂಭೀರ ಸತ್ಯವನ್ನು ನಾನು ಹಲವು ವೇದಿಕೆಗಳಿಂದ ಕೇಳಿದ್ದೇನೆ. ಪ್ರತಿ ಸಲವೂ ಇದರ ಮುಂದಿನ ವಾಕ್ಯ ‘ಊಟದ ವ್ಯವಸ್ಥೆ ಹಿಂದಿನ ಹಾಲಿನಲ್ಲಿದೆ’ ಎಂಬುದಾಗಿತ್ತು.

ಹೋದ ತಿಂಗಳು ತಿಕೋಟಾದ ನನ್ನ ದವಾಖಾನೆಯ ಮೇಜಿನ ಮೇಲೆ ಒಂದು ದೊಡ್ಡ ರಟ್ಟಿನ ಡಬ್ಬಿ ಬಂದು ಕುಳಿತಿತು. ಸುತ್ತಲಿನ ಊರುಗಳ ಕಿರಿಯ ವೈದ್ಯರಿಗೆ ಮಕ್ಕಳ ತುರ್ತು ಚಿಕಿತ್ಸೆಯ ತರಬೇತಿ ಕೊಡಬೇಕು, ಅದನ್ನು ಕೊಡುವ ಯೋಗ್ಯತೆ ನನಗೆ ವಯಸ್ಸಿನ ಕಾರಣದಿಂದಲೇ ಪ್ರಾಪ್ತವಾಗಿದೆ ಎಂದು ಮಿತ್ರರು ತೀರ್ಮಾನಿಸಿ ಕಳಿಸಿದ ಗೊಂಬೆ ಅದರೊಳಗಿತ್ತು. ಅಂಟುಪಟ್ಟಿ ಕಿತ್ತೆ. ಹೊಸ ರಬ್ಬರಿನ ವಾಸನೆ ಭಗ್ಗನೆ ಮೂಗಿಗೆ ಬಡಿಯಿತು... ನನ್ನ ಕೈ ನನ್ನನ್ನು ಕೇಳದೆಯೇ ಮೇಜಿನ ಖಾನೆಯೊಳಗೆ ಕೂಸಿನ ಪೌಡರ್ ಡಬ್ಬಿಗಾಗಿ ತಡಕಾಡತೊಡಗಿತು.

ಯಾಕೆಂದರೆ ಆ ವಾಸನೆ ಅರ್ಧವೇ ಇತ್ತು. ಅದರಲ್ಲಿ ಪೌಡರ್ ಇರಲಿಲ್ಲ, ಕಾಡಿಗೆ ಇರಲಿಲ್ಲ. ಹೊಸ ಗೊಂಬೆ ಎದೆಯಲ್ಲಿ ಹಸಿರು ದೀಪ, ಕೆಂಪು ದೀಪ ಇಟ್ಟುಕೊಂಡು ಬರಿಮೈಯಲ್ಲಿ ಮಲಗಿ ನನ್ನನ್ನೇ ನೋಡುತ್ತಿತ್ತು. ನನಗೆ ಸಂಕೋಚವಾಗಿ ಅದರ ಮೇಲೊಂದು ಟವೆಲ್ ಹೊದಿಸಿದೆ. ಡಾಕ್ಟರ ಬಾಯಾರ ಗೊಂಬೆ ಹೀಗೆ ಒಂದು ದಿನವೂ ಮಂದಿಯ ಎದುರಿಗೆ ಬಂದದ್ದಿಲ್ಲ.

ನಮ್ಮ ಕಡೆ ಕಲಿಸುವ ಹೆಣ್ಣುಮಗಳಿಗೆ ಬಾಯಾರು ಎನ್ನುತ್ತಾರೆ. ಅವರು ಕಲಿಸುತ್ತಲೂ ಇದ್ದರು, ಮಕ್ಕಳ ಕಾಯಿಲೆ ವಾಸಿ ಮಾಡುತ್ತಲೂ ಇದ್ದರು. ಹಾಗಾಗಿ ಎರಡು ಬಿರುದೂ ಒಂದಕ್ಕೊಂದು ಅಂಟಿಕೊಂಡು ಡಾಕ್ಟರ ಬಾಯಾರು ಆಗಿದ್ದರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಮೇಲೆ ವಿಜಯಪುರದ ಜೋರಾಪುರ ಪೇಟೆಯ ಹಳೆಯ ಮನೆಯಲ್ಲಿ ಕೆಳಗೆ ದವಾಖಾನೆ, ಮೇಲೆ ಸಂಸಾರ ಎಂದು ಇದ್ದರು. ಸಂಸಾರವೆಂದರೆ ಅವರು ಮತ್ತು ಅವರ ಅಕ್ಕ. ಬಾಯಾರು ಕುಳ್ಳಗಿದ್ದರು. ಇಳಕಲ್ ಸೀರೆ, ದಾರ ಕಟ್ಟಿದ ಕನ್ನಡಕ, ಮತ್ತು ತಮಗಿಂತ ಎರಡು ಪಟ್ಟು ಎತ್ತರದವರನ್ನು ಮೇಲಿನಿಂದ ಕೆಳಕ್ಕೆ ನೋಡುವ ಒಂದು ವಿಶೇಷ ಸಾಮರ್ಥ್ಯ.

ವೃತ್ತಿಯಲ್ಲಿರುವ ವೈದ್ಯರು ಆಗಾಗ ಹೊಸದನ್ನು ಕಲಿಯುತ್ತಿರಬೇಕೆಂದು ನಿಯಮವಿದೆ. ಆ ಕಲಿಕೆಗೆ ನಮ್ಮ ಬಾಯಲ್ಲಿ ಸಿ.ಎಂ.ಇ. ಎಂದು ಹೆಸರು. ಸಾಮಾನ್ಯವಾಗಿ ಅದು ಗೋಳಗುಮ್ಮಟದ ಹತ್ತಿರದ ಯಾವುದಾದರೂ ಹೋಟೆಲ್ಲಿನ ತಂಪು ಸಭಾಂಗಣದಲ್ಲಿ ನಡೆಯುತ್ತಿತ್ತು. ದೀಪ ಆರಿಸುತ್ತಿದ್ದರು, ಪರದೆಯ ಮೇಲೆ ಚಿತ್ರಗಳು ಬರುತ್ತಿದ್ದವು, ಒಬ್ಬರು ಒಂದೇ ಸ್ವರದಲ್ಲಿ ಮಾತಾಡುತ್ತಿದ್ದರು. ನಿದ್ರೆಗೆ ಬೇಕಾದ ಎಲ್ಲ ಸಲಕರಣೆಗಳನ್ನೂ ಒಂದೆಡೆ ಸೇರಿಸಿ ಅದಕ್ಕೆ ಶಿಕ್ಷಣ ಎಂದು ಹೆಸರಿಟ್ಟವರ ದೂರದೃಷ್ಟಿಯನ್ನು ನಾನು ಈಗಲೂ ಮೆಚ್ಚುತ್ತೇನೆ. ಎದ್ದ ಮೇಲೆ ಊಟ, ಊಟದ ಮೇಲೆ ಒಂದು ಚೀಲ, ಚೀಲದೊಳಗೆ ಒಂದು ಪೆನ್ನು.

ಡಾಕ್ಟರ ಬಾಯಾರು ಕರೆದಾಗಲೂ ನಾವು ಹಾಗೇ ಎಂದುಕೊಂಡು ಹೋದೆವು. ರವಿವಾರ. ದವಾಖಾನೆಯಲ್ಲಿ ಕುರ್ಚಿಗಳೇ ಇರಲಿಲ್ಲ. ನೆಲಕ್ಕೆ ಜಮಖಾನೆ ಹಾಸಿತ್ತು. ಮೇಲಿನಿಂದ ಎಣ್ಣೆಗಾಯಿ ಬದನೆಕಾಯಿಯ ಘಮ ಇಳಿದು ಬರುತ್ತಿತ್ತು. ನನ್ನ ಪಕ್ಕದಲ್ಲಿ ಬಬಲೇಶ್ವರದ ಡಾಕ್ಟರು ಕುಳಿತಿದ್ದರು. ಅವರು ನನಗಿಂತ ಹಿರಿಯರು, ಹೊಟ್ಟೆಯಲ್ಲಂತೂ ಬಹಳ ಹಿರಿಯರು. ಅವರು ಮೂಗರಳಿಸಿ, “ಬದನಿಕಾಯಿ ಐತಿ. ಭಾಷಣ ಎಷ್ಟೊತ್ತರ ಆಗ್ಲಿ ಬಿಡ್ರಿ,” ಎಂದು ತೃಪ್ತಿಯಿಂದ ಗೋಡೆಗೆ ಒರಗಿದರು.

ಭಾಷಣ ಬಹಳ ಹೊತ್ತು ಆಗಲಿಲ್ಲ. ಬಾಯಾರು ನಿಂತುಕೊಂಡು ಹೇಳಿದ್ದು ಎರಡೇ ಮಾತು.

“ನೀವು ಕಳಸೋ ಚೀಟಿ ನನಗ ಮುಟ್ಟತಾವ್ರಿ. ಕೂಸು ಮುಟ್ಟಂಗಿಲ್ಲ.”

ಗೋಡೆಗೆ ಒರಗಿದ್ದವರು ಸರಿಯಾಗಿ ಕುಳಿತರು. ಅವರು ಹೇಳಿದ್ದು ನಮಗೆಲ್ಲ ತಿಳಿಯುವ ಮಾತಾಗಿತ್ತು. ತಿಕೋಟಾ, ಬಬಲೇಶ್ವರ ಮತ್ತು ಸುತ್ತಲಿನ ಊರುಗಳಲ್ಲಿ ಅತಿ ಹೆಚ್ಚು ಬರೆಯಲ್ಪಡುವ ಔಷಧಿ ಯಾವುದೆಂದರೆ ‘ಬಿಜಾಪುರಕ್ಕ ಒಯ್ರಿ’ ಎಂಬುದು. ಊರಿನ ಹೆಸರು ವಿಜಯಪುರ ಎಂದು ಬದಲಾಗಿ ಬಹಳ ಕಾಲವಾದರೂ ಈ ಔಷಧಿಯ ಹೆಸರು ಬದಲಾಗಿಲ್ಲ. ಉಸಿರು ಸಿಕ್ಕಿಬಿದ್ದ ಕೂಸು ಬಂದರೆ ಡಾಕ್ಟರು ಹೆದರಿ ಚೀಟಿ ಬರೆಯುವುದು, ಮನೆಯವರು ಚೀಟಿ ಹಿಡಿದುಕೊಂಡು ಗಾಡಿ ಹತ್ತುವುದು. ಅರ್ಧ ತಾಸಿನ ದಾರಿ. ಆ ಕೂಸಿಗೆ ಅರ್ಧ ತಾಸು ಇರುವುದಿಲ್ಲ, ಅದರ ಮೊದಲ ಕೆಲವು ನಿಮಿಷ ನಮ್ಮ ಮೇಜಿನ ಮೇಲೆಯೇ ಕಳೆದುಹೋಗುತ್ತದೆ. ಆ ನಿಮಿಷಗಳು ಬಾಯಾರಿಗೆ ಬೇಕಾಗಿದ್ದವು. ಅವರು ಉಳಿದ ಆಯುಷ್ಯವನ್ನೆಲ್ಲ ಅದಕ್ಕೇ ಇಟ್ಟಿದ್ದರು ಎಂದು ನನಗೆ ಅರ್ಥವಾದದ್ದು ಆಮೇಲೆ.

“ಇವತ್ತಿನಿಂದ ಈ ಮನಿಯೊಳಗ ಆ ಮಾತು ಬಂದ್,” ಎಂದರು. “ಬಿಜಾಪುರಕ್ಕ ಒಯ್ರಿ ಅಂತ ಯಾರ ಬಾಯಾಗ ಬಂತೋ, ಅವರು ಎಲ್ಲಾರಿಗೂ ಊಟಕ್ಕ ನೀಡಿ ಕಡೀಕ ಉಣ್ಣಬೇಕು.”

ಆಮೇಲೆ ಒಳಗಿನಿಂದ ಒಂದು ಕೂಸನ್ನು ಎತ್ತಿಕೊಂಡು ಬಂದರು. ಕೂಸು ಎಂದೇ ನಾವೆಲ್ಲ ತಿಳಿದೆವು! ಕೌದಿಯೊಳಗೆ ಸುತ್ತಿತ್ತು. ಕೌದಿಯ ಒಳಗೆ ಉಣ್ಣೆಯ ಅಂಗಿ, ಅದರೊಳಗೆ ಹತ್ತಿಯ ಅಂಗಿ, ತಲೆಯಿಂದ ಬೆನ್ನತನಕ ಇಳಿಬಿದ್ದ ಕೆಂಪು ಖಣದ ಕುಂಚಿಗಿ, ಸೊಂಟಕ್ಕೆ ಉಡದಾರ, ಗಲ್ಲಕ್ಕೆ ಒಂದು ದೃಷ್ಟಿಬೊಟ್ಟು. ಪೌಡರಿನ ವಾಸನೆಯ ಕೆಳಗೆ ರಬ್ಬರಿನ ವಾಸನೆ. ಅದು ಮೇ ತಿಂಗಳು. ಹೊರಗೆ ಜೋರಾಪುರ ಪೇಟೆಯ ನಾಯಿಗಳು ಕೂಡ ನೆರಳು ಹುಡುಕಿಕೊಂಡು ಹೋಗಿದ್ದವು.

“ಪುಸ್ತಕದಾಗಿನ ಕೂಸು ಬರಿಮೈಲೆ ಇರತೈತ್ರಿ,” ಎಂದರು ಬಾಯಾರು. “ನಿಮ್ಮ ಕಡೆ ಬರೂ ಕೂಸು ಹಿಂಗ ಬರತೈತಿ. ಎದಿ ಏರಾಕತ್ತೇತೋ ಇಲ್ಲೋ ಅಂತ ನೋಡಬೇಕಾದ್ರ ಮೊದಲ ಎದಿ ಕಾಣಬೇಕಲ್ಲ? ಬಬಲೇಶ್ವರ, ಬರ್ರಿ ಮುಂದ.”

ನಮ್ಮನ್ನು ಅವರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ನಾನು ತಿಕೋಟಾ, ಅವರು ಬಬಲೇಶ್ವರ. ಒಬ್ಬ ಮನುಷ್ಯ ತಪ್ಪು ಮಾಡಿದರೆ ಇಡೀ ತಾಲೂಕು ತಲೆ ತಗ್ಗಿಸಬೇಕೆಂಬುದು ಅವರ ಉದ್ದೇಶವಾಗಿರಬಹುದು.

ಬಬಲೇಶ್ವರದ ಡಾಕ್ಟರು ಹೊಟ್ಟೆಯನ್ನು ಸಂಭಾಳಿಸಿಕೊಂಡು ಮೊಣಕಾಲೂರಿದರು. ಕೌದಿಯ ಗಂಟು ಬಿಚ್ಚತೊಡಗಿದರು. ಆಗಲೇ ಮೆಟ್ಟಿಲ ಮೇಲಿನಿಂದ ಒಂದು ಚೀರಾಟ ಕೇಳಿತು. ನಾವು ಬೆಚ್ಚಿಬಿದ್ದೆವು. ಬಾಯಾರ ಅಕ್ಕ ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ಕೈಯಲ್ಲಿ ರೊಟ್ಟಿಯ ಹಿಟ್ಟು ಹಾಗೇ ಇರುವಂತೆಯೇ ಇಳಿದು ಬಂದು ಡಾಕ್ಟರ ಹೆಗಲು ಹಿಡಿದರು.

“ಯಪ್ಪಾ ಡಾಕ್ಟರಾ! ನನ್ನ ಮೊಮ್ಮಗನ್ನ ಉಳಸೋ ಯಪ್ಪಾ! ಮಾರಿ ಕರ್ರಗಾಗೇತಿ!”

“ನೋಡಾಕತ್ತೇನ್ರಿ. ನೀವು ಹೊರಗ ಕುಂದರ್ರಿ.”

“ಹೊರಗ ಯಾಕ ಕುಂದ್ರಲಿ? ನನ್ನ ಕೂಸು ಒಳಗೈತಿ!”

“ಒಂದೀಟು ಸುಮ್ನಿರ್ರಿ ಬೇ!”

“ನನಗ ಸುಮ್ನಿರು ಅಂತೀಯೇನೋ? ನಿನಗ ಡಾಕ್ಟರಕಿ ಕೊಟ್ಟಾವ ಯಾವಾಂವ? ಅಯ್ಯಯ್ಯ, ನೋಡ್ರೋ, ಕೂಸಿನ ಬೆನ್ನಿಗಿ ಬಡಿಯಾಕತ್ತಾನ! ದನಾ ಬಡದಂಗ ಬಡಿಯಾಕತ್ತಾನ!”

ಬಬಲೇಶ್ವರದ ಡಾಕ್ಟರ ಅಂಗಿಯ ಮೇಲೆಲ್ಲ ಜೋಳದ ಹಿಟ್ಟು. ಕನ್ನಡಕ ಕೆಳಗೆ. ಬೆವರು ಇಳಿದು ದೃಷ್ಟಿಬೊಟ್ಟಿನ ಮೇಲೆ ಬಿತ್ತು. ಅವರು ಕೊನೆಗೆ ತಾಳ್ಮೆ ಕಳೆದುಕೊಂಡು ಕೂಗಿದರು: “ಏ, ಬಿಜಾಪುರಕ್ಕರ ಒಯ್ರಿ ಅತ್ತಾಗ!”

“ಬಿಜಾಪುರದಾಗ ಕುಂತೀರಿ, ಬಬಲೇಶ್ವರ,” ಎಂದರು ಬಾಯಾರು. “ಇಲ್ಲಿಂದ ಇನ್ನೆಲ್ಲಿಗಿ ಒಯ್ಯಲಿ?”

ಆ ದಿನ ನಾವು ನಕ್ಕ ನಗು! ಐವತ್ತು ದಾಟಿದ ಗಂಡಸರು ಜಮಖಾನೆಯ ಮೇಲೆ ಉರುಳಾಡಿದೆವು. ಅಕ್ಕನಿಗೆ ಮಾತ್ರ ನಗು ಬರಲಿಲ್ಲ. ಅವರು ಡಾಕ್ಟರನ್ನು ನಿಜವಾದ ಸಿಟ್ಟಿನಿಂದ ನೋಡುತ್ತ, “ಸುಮ್ನಿರು ಅಂದ ನನಗ,” ಎಂದು ಗೊಣಗಿಕೊಂಡು ಮತ್ತೆ ರೊಟ್ಟಿಗೆ ಹೋದರು.

ಬಾಯಾರು ಆಗ ಹೇಳಿದ್ದು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ. ಪುಸ್ತಕದ ದವಾಖಾನೆಯಲ್ಲಿ ಒಂದು ಕೂಸು, ಒಬ್ಬ ಡಾಕ್ಟರು, ಸುತ್ತ ಶಾಂತಿ. ನಮ್ಮ ದವಾಖಾನೆಗೆ ಒಂದು ಕೂಸಿನ ಹಿಂದೆ ಒಂದು ಟಂಟಂ ರಿಕ್ಷಾ ತುಂಬ ಮಂದಿ ಬರುತ್ತಾರೆ. ತಾಯಿ ಅಳುತ್ತಾಳೆ, ಅಜ್ಜಿ ಬೈಯುತ್ತಾಳೆ, ಕಾಕಾ ಫೋನಿನಲ್ಲಿ ಮತ್ತೊಬ್ಬ ಡಾಕ್ಟರನ್ನು ವಿಚಾರಿಸುತ್ತಾನೆ. “ಗದ್ದಲ ಮಾಡೂರ ಬಾಯಿ ಮುಚ್ಚಸಾಕ ಹೋಗಬ್ಯಾಡ್ರಿ. ಆಗಂಗಿಲ್ಲ ಅದು. ಎಲ್ಲಾರಕಿಂತ ದೊಡ್ಡ ದನಿ ಯಾರದೈತಿ ನೋಡ್ರಿ, ಅವರಿಗಿ ಒಂದು ಕೆಲಸ ಕೊಡ್ರಿ. ಕಾಲ ಹಿಡಿರಿ ಅನ್ರಿ, ಎಣಸ್ರಿ ಅನ್ರಿ. ಅಂಜಿದ ಮನಷ್ಯಾನ ಕೈಗಿ ಕೆಲಸ ಇಲ್ಲಂದ್ರ ಆ ಕೈ ನಿಮ್ಮ ಅಂಗಿ ಹಿಡೀತೈತಿ.”

ಮತ್ತೊಂದು ಮಾತು. ಒಂದೇ ಹೊತ್ತಿಗೆ ಎರಡು ಮಕ್ಕಳು ಬಂದರೆ ಅಳುವ ಕೂಸಿಗೆ ಮೊದಲು ಓಡಬೇಡಿ; ಅದು ಅಳುತ್ತಿದೆ ಎಂದರೆ ಅದಕ್ಕೆ ಉಸಿರಿದೆ. ಸುಮ್ಮನೆ ಬಿದ್ದಿರುವುದರ ಕಡೆಗೆ ಓಡಿರಿ.

ಆ ದಿನ ಒಬ್ಬೊಬ್ಬರಾಗಿ ಮೊಣಕಾಲೂರಿದೆವು. ಮುಂಗೈಯ ಮೇಲೆ ಕೂಸನ್ನು ಬೋರಲು ಹಾಕಿ, ತಲೆ ಕೆಳಗೆ ಮಾಡಿ, ಎರಡು ಹೆಗಲಿನ ನಡುವೆ ಅಂಗೈಯ ಬುಡದಿಂದ ಹೊಡೆತ. ಮತ್ತೆ ಹೊರಳಿಸಿ ಎದೆಯ ಮೇಲೆ ಎರಡು ಬೆರಳಿನ ಒತ್ತು. ಬಾಯಿ ತೆರೆದು ನೋಡುವುದು. ಕಂಡರೆ ತೆಗೆಯುವುದು, ಕಾಣದೆ ಬೆರಳು ಹಾಕದಿರುವುದು. ಅಕ್ಕ ನಡುನಡುವೆ ಬಂದು ನಮ್ಮನ್ನು ಬೈದು ಹೋಗುತ್ತಿದ್ದರು, ಪ್ರತಿಯೊಬ್ಬರಿಗೂ ಬೇರೆ ಬೇರೆ ಬೈಗಳು. ಊಟಕ್ಕೆ ಕುಳಿತಾಗ ಮೊಣಕಾಲು ಸುಲಿದಿದ್ದವು. ಬಬಲೇಶ್ವರದ ಡಾಕ್ಟರು ಎಲ್ಲರಿಗೂ ಬದನೆಕಾಯಿ ಬಡಿಸಿ ಕೊನೆಗೆ ತಳದ ರಸದಲ್ಲಿ ರೊಟ್ಟಿ ಅದ್ದಿಕೊಂಡು ಉಂಡರು. ನನಗೆ ಮಾತ್ರ ಕಾಲೇಜು ಬಿಟ್ಟ ಮೇಲೆ ಮೊದಲ ಸಲ ಮುಂದಿನ ಪಾಠ ಯಾವಾಗ ಎಂದು ಕೇಳಬೇಕೆನಿಸಿತ್ತು. ಕೇಳಿದೆ ಕೂಡ.

ಅಲ್ಲಿಂದ ಪಾಠ ತಿಂಗಳಿಗೊಮ್ಮೆ ನಡೆಯತೊಡಗಿತು. ಎರಡು ಸಲ ಬಂದ ಬಬಲೇಶ್ವರದ ಡಾಕ್ಟರು ಮೂರನೆಯ ಸಲ ಪೇಷಂಟರ ಗದ್ದಲವೆಂದು ಹೇಳಿಕಳಿಸಿದರು. ಬಾಯಾರು ಮರುವಾರ ಗೊಂಬೆಯನ್ನು ಎತ್ತಿಕೊಂಡು ತಾವೇ ಬಬಲೇಶ್ವರದ ಬಸ್ಸು ಹತ್ತಿದರು. ಸಾಕ್ಷಿಗೆಂದು ನನ್ನನ್ನೂ ಕರೆಸಿದ್ದರು. ನಾನು ಹಿಂದಿನ ಸೀಟಿನಲ್ಲಿದ್ದೆ.

ಕೂಸೆತ್ತಿಕೊಂಡ ಮುದುಕಿಯೆಂದು ಒಬ್ಬ ಹೆಣ್ಣುಮಗಳು ಎದ್ದು ಜಾಗ ಕೊಟ್ಟು, ಬಳಿಕ ಪಕ್ಕದಲ್ಲೇ ಒತ್ತಿ ಕುಳಿತಳು.

“ಎಷ್ಟ ತಿಂಗಳದ್ರಿ ಆಯಿ ಕೂಸು?”

“ಆರ ತಿಂಗಳದ್ದವ್ವಾ.”

“ಭಾಳ ಶಾಣ್ಯಾ ಐತ್ರಿ. ಇಷ್ಟ ಶಕಿ ಐತಿ, ಅಳವಲ್ತು ನೋಡ್ರಿ.”

“ಇಲ್ಲವ್ವಾ. ಹತ್ತ ವರ್ಷಾತು, ಒಂದ ದಿನಾ ಅತ್ತಿಲ್ಲ.”

ಆ ಹೆಣ್ಣುಮಗಳು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ತನ್ನ ಚೀಲ ತೆಗೆದುಕೊಂಡು ಡ್ರೈವರನ ಹತ್ತಿರ ಹೋಗಿ ನಿಂತಳು. ಬಾಯಾರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಬಬಲೇಶ್ವರದ ದವಾಖಾನೆಯಲ್ಲಿ ಬಾಯಾರು ಕೂಸನ್ನು ಮೇಜಿನ ಮೇಲೆ ಮಲಗಿಸಿ, “ಉಸರಿಲ್ಲ. ಅಂಬು ಬ್ಯಾಗ್ ತರ್ರಿ,” ಎಂದರು. ಉಸಿರು ನಿಂತವರಿಗೆ ಕೈಯಿಂದ ಒತ್ತಿ ಗಾಳಿ ಕೊಡುವ ರಬ್ಬರಿನ ಚೀಲವದು. ಡಾಕ್ಟರು ಹೆಮ್ಮೆಯಿಂದ ಗಾಜಿನ ಕಪಾಟಿನ ಕಡೆ ನಡೆದರು. ಕಪಾಟಿಗೆ ಕೀಲಿ. ಕೀಲಿಕೈ ಮನೆಯಲ್ಲಿ. ಮನೆಯಿಂದ ಬಂತು. ಬಾಗಿಲು ತೆರೆದರೆ ಅಂಬು ಬ್ಯಾಗು ಕಂಪನಿಯ ಪ್ಲಾಸ್ಟಿಕ್ಕಿನೊಳಗೇ ಭದ್ರವಾಗಿತ್ತು. ಪ್ಲಾಸ್ಟಿಕ್ಕಿನ ಮೇಲೆ ವಿಭೂತಿ, ಕುಂಕುಮ, ಒಣಗಿದ ಚೆಂಡುಹೂವಿನ ಎಸಳು. ಪ್ರತಿ ಖಂಡೇನವಮಿಗೆ ಆಯುಧಗಳ ಜೊತೆ ಅದಕ್ಕೂ ಪೂಜೆಯಾಗುತ್ತಿತ್ತು. ಪೂಜೆ ತಪ್ಪಿಸಿರಲಿಲ್ಲ. ಬಿಚ್ಚಿರಲೂ ಇಲ್ಲ.

“ಭಕ್ತಿ ಛಲೋ ಐತಿ,” ಎಂದರು ಬಾಯಾರು. “ಕೂಸು ಹೋಗಿ ಭಾಳೊತ್ತಾತು.”

ಬಬಲೇಶ್ವರದ ಡಾಕ್ಟರು ಹಲ್ಲಿನಿಂದಲೇ ಪ್ಲಾಸ್ಟಿಕ್ಕು ಹರಿದರು. ಅಂದು ಸಂಜೆಯೊಳಗೆ ಅಂಬು ಬ್ಯಾಗು ಮೇಜಿನ ಪಕ್ಕದ ಮೊಳೆಗೆ ಬಂದು ನೇತುಬಿತ್ತು. ಆಮೇಲೆ ಅವರು ಒಂದು ರವಿವಾರವೂ ತಪ್ಪಿಸಲಿಲ್ಲ.

ನನ್ನ ಸರದಿ ದ್ರಾಕ್ಷಿ ಕೊಯ್ಲಿನ ಕಾಲಕ್ಕೆ ಬಂತು.

ಆ ದಿನಗಳಲ್ಲಿ ತಿಕೋಟಾದ ಗಾಳಿಯೇ ಸಿಹಿಯಾಗಿರುತ್ತದೆ. ಒಣದ್ರಾಕ್ಷಿಯ ಶೆಡ್ಡುಗಳ ತುಂಬ ಹಸಿರು ಗೊಂಚಲು, ಎಲ್ಲರ ಕೈಯೂ ಅಂಟಂಟು. ಮುಂಜಾನೆಯ ಹೊತ್ತು. ನಾನೊಬ್ಬ ಪೇಷಂಟಿನ ನಾಲಗೆ ನೋಡುತ್ತಿದ್ದೆ. ಹೊರಗೆ ಮೋಟಾರ್ ಸೈಕಲ್ ಬಿದ್ದ ಸದ್ದು. ನಿಲ್ಲಿಸಿದ ಸದ್ದಲ್ಲ, ಬಿಟ್ಟು ಬಂದ ಸದ್ದು. ತರುಣನೊಬ್ಬ, ಅವನ ಹಿಂದೆ ಕೌದಿ ಎದೆಗವಚಿಕೊಂಡ ಅಜ್ಜಿ. ಹಿಂದೆಯೇ ಒಂದು ಟಂಟಂ ಬಂತು. ಅದರೊಳಗಿನವರೆಲ್ಲ ಒಮ್ಮೆಲೇ ಮಾತಾಡುತ್ತಿದ್ದರು.

“ಚೀಟಿ ಬರಿರಿ ಸಾಹೇಬ್ರ, ಗಾಡಿ ತಯಾರೈತಿ, ಬಿಜಾಪುರಕ್ಕ ಒಯ್ತೇವಿ!” ಎಂದ ತರುಣ. ಅವನೇ ಕೂಸಿನ ಅಪ್ಪ. ಆ ಹೆಣ್ಣುಕೂಸು ನಡೆಯಲು ಇನ್ನೂ ಕಲಿಯುತ್ತಿತ್ತು. ಅದರ ಪುಟ್ಟ ಅಕ್ಕ ಪ್ರೀತಿಯಿಂದ ಒಂದು ದ್ರಾಕ್ಷಿ ಬಾಯಿಗೆ ಹಾಕಿದ್ದಳಂತೆ.

ಆ ಗದ್ದಲದಲ್ಲಿ ಒಂದೇ ಒಂದು ಜೀವ ಸದ್ದು ಮಾಡುತ್ತಿರಲಿಲ್ಲ.

ಕೌದಿ ಕಿತ್ತೆಸೆದೆ. ಕುಂಚಿಗಿ ಎಳೆದೆ. ಅಂಗಿಯ ಗುಂಡಿ ಬಿಚ್ಚಲಿಲ್ಲ, ಹರಿದೆ. ಎದೆ ಒಳಕ್ಕೆ ಸೆಳೆಯುತ್ತಿತ್ತು, ಬಾಯಿ ತೆರೆಯುತ್ತಿತ್ತು, ದನಿ ಇರಲಿಲ್ಲ. ತುಟಿ ನೀಲಿಗಟ್ಟಿ ಕಪ್ಪಿಗೆ ತಿರುಗುತ್ತಿತ್ತು. ಮುಂಗೈ ಮೇಲೆ ಬೋರಲು ಹಾಕಿ ಬೆನ್ನಿಗೆ ಹೊಡೆದೆ. ಮೊದಲ ಹೊಡೆತಕ್ಕೇ ಅಜ್ಜಿ ನನ್ನ ಅಂಗಿ ಹಿಡಿದಳು.

“ಏ, ಯಾಕ ಬಡೀತೀಯೋ ನನ್ನ ಕೂಸಿಗಿ! ಕೊಡೋ ಇತ್ತ, ಬಿಜಾಪುರಕ್ಕ ಒಯ್ತೀನಿ! ದನಾ ಮಾಡೀಯೇನೋ ಅದನ್ನ?”

ನಂಬಿರಿ, ಆ ಕ್ಷಣದಲ್ಲಿ ನನಗೆ ಧೈರ್ಯ ಬಂತು! ಇದು ನನಗೆ ಗೊತ್ತಿದ್ದ ಪಾತ್ರ, ಗೊತ್ತಿದ್ದ ಮಾತು. ಜೋರಾಪುರ ಪೇಟೆಯ ಜಮಖಾನೆಯ ಮೇಲೆ ಈ ಅಜ್ಜಿ ನನ್ನನ್ನು ಇದಕ್ಕಿಂತ ಕೆಟ್ಟದಾಗಿ ಎಷ್ಟೋ ಸಲ ಬೈದಿದ್ದಳು.

“ಆಯಿ, ಬಾ ಇಲ್ಲಿ. ನನಗ ಲೆಕ್ಕ ತಪ್ಪತೈತಿ. ನೀ ಎಣಸು!”

“ಏನ?”

“ನಾ ಹೊಡೀತೀನಿ, ನೀ ಎಣಸು. ಜೋರಲೆ!”

ಅಜ್ಜಿಯ ಕೈ ಸಡಿಲಾಯಿತು. ಕಣ್ಣು ಕೂಸಿನ ಬೆನ್ನಿನ ಮೇಲೆ ನಟ್ಟಿತು. ನಾನು ಹೊಡೆದೆ. ಅಜ್ಜಿ ಕೂಗಿದಳು:

“ಲಾಭ!”

ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಯುಷ್ಯವೆಲ್ಲ ಜೋಳ ಅಳೆದ ಹೆಂಗಸು. ಎಣಿಸು ಎಂದರೆ ಅವಳಿಗೆ ಬರುವುದು ಅದೊಂದೇ ಎಣಿಕೆ.

“ಎಲ್ಡ! ಮೂರ!”

ಹಿಂದಿನ ಮಂದಿ ಸುಮ್ಮನಾದರು. ಐದಾಯಿತು. ಹೊರಳಿಸಿ ಎದೆ ಒತ್ತಿದೆ. ಅಜ್ಜಿ ಅದಕ್ಕೂ ಲಾಭದಿಂದಲೇ ಶುರುಮಾಡಿದಳು. ಬಾಯಿ ತೆರೆದು ನೋಡಿದೆ, ಏನೂ ಕಾಣಲಿಲ್ಲ. ಮತ್ತೆ ಬೋರಲು. “ಲಾಭ!” ಈಗ ತರುಣನೂ ಕೂಗುತ್ತಿದ್ದ. “ಎಲ್ಡ!” ಟಂಟಂ ತುಂಬ ಬಂದವರೂ ಕೂಗುತ್ತಿದ್ದರು. ಮೂರು ಎನ್ನುವ ಮುಂಚೆ ನನ್ನ ಚಪ್ಪಲಿಯ ಮೇಲೆ ಏನೋ ಪಟ್ಟೆಂದು ಬಿತ್ತು. ಹಸಿರಾಗಿತ್ತು, ಇಡಿಯಾಗಿತ್ತು.

ಮತ್ತೆ ಒಂದು ಗಳಿಗೆ... ಆ ಗಳಿಗೆ ಎಷ್ಟು ಉದ್ದವಿತ್ತೆಂದು ನಾನು ಇವತ್ತಿಗೂ ಹೇಳಲಾರೆ. ಆಮೇಲೆ ಕೂಸು ಅತ್ತಿತು. ಗಂಟಲು ಹರಿಯುವಂತೆ, ನನ್ನನ್ನೇ ಬೈಯುವಂತೆ ಅತ್ತಿತು. ಅಜ್ಜಿ ನೆಲಕ್ಕೆ ಕುಸಿದು ಕುಳಿತು, ಆಗಲೂ “ನಾಕ, ಐದ,” ಎಂದು ಲೆಕ್ಕ ಪೂರ್ತಿ ಮಾಡಿದಳು.

ನಾನು ಪೆನ್ನು ತೆಗೆದುಕೊಂಡು, ಎದೆಯೊಳಗೆ ಏನಾದರೂ ಉಳಿದಿದೆಯೋ ನೋಡಲಿ ಎಂದು ಬಾಯಾರ ಹೆಸರಿಗೆ ಚೀಟಿ ಬರೆದು ಕೊಟ್ಟೆ. ಬಾಯಿತುಂಬ ಹೇಳಿದೆ: “ಈಗ ಬಿಜಾಪುರಕ್ಕ ಒಯ್ರಿ.”

ಮಧ್ಯಾಹ್ನ ಫೋನು ಬಂತು.

“ತಿಕೋಟಾ?”

“ಹೌದ್ರಿ ಬಾಯಾರ.”

“ಚೀಟಿ ಮುಟ್ಟೇತಿ.” ಹಿಂದೆ ಒಂದು ಕೂಸು ಚೀರಿ ಅಳುವುದು ಕೇಳುತ್ತಿತ್ತು. ಬಾಯಾರು ಆ ಅಳು ನನಗೆ ಕೇಳಲಿ ಎಂದು ಫೋನನ್ನು ಅತ್ತ ಹಿಡಿದಿದ್ದರೆಂದು ಕಾಣುತ್ತದೆ. “ಕೂಸೂ ಮುಟ್ಟೇತಿ.”

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

“ಅರಿವಿ ಮೊದ್ಲ ಬಿಚ್ಚಿದ್ರಿಲ್ಲೋ?”

“ಹರದೇನ್ರಿ.”

“ಛಲೋ ಆತು,” ಎಂದು ಇಟ್ಟುಬಿಟ್ಟರು.

ನಾನು ಕುಣಿಯಲಿಲ್ಲ. ತಿಕೋಟಾದಲ್ಲಿ ಡಾಕ್ಟರು ಕುಣಿದರೆ ಸಂಜೆಯೊಳಗೆ ಸುದ್ದಿ ಬಬಲೇಶ್ವರ ಮುಟ್ಟುತ್ತದೆ. ಆದ್ದರಿಂದ ಬಾಗಿಲು ಹಾಕಿಕೊಂಡು ಕುಣಿದೆ.

ಮುಂದಿನ ರವಿವಾರ ಲಾಭದ ಕಥೆ ಕೇಳಿ ಬಾಯಾರು ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನು ಮೇಲೆ ಈ ಮನೆಯಲ್ಲಿ ಎಣಿಕೆ ಲಾಭದಿಂದಲೇ ಎಂದು ಅಪ್ಪಣೆಯಾಯಿತು. ಆ ದಿನ ಅಕ್ಕ ಶೇಂಗಾ ಹೋಳಿಗೆ ಮಾಡಿದ್ದರು. ನನಗೆ ಮೊದಲು ಬಡಿಸಿದರು. ಬಡಿಸುತ್ತ, “ಆ ಮುದುಕಿ ನನ್ನಂಗ ಬೈದಳೇನು?” ಎಂದು ಕೇಳಿದರು. ನಿಮ್ಮಷ್ಟು ಆಗಲಿಲ್ಲ ಎಂದೆ. ಇನ್ನೊಂದು ಹೋಳಿಗೆ ಹಾಕಿದರು.

ಬಾಯಾರು ಹೋದ ವರ್ಷ ತೀರಿಕೊಂಡರು. ಮುಂಜಾನೆ ಅಕ್ಕ ಚಹಾ ಒಯ್ದಾಗ ಸುಮ್ಮನೆ ಮಲಗಿದ್ದರಂತೆ. ಸುಮ್ಮನಿರುವವರ ಕಡೆಗೆ ಮೊದಲು ಓಡಿರಿ ಎಂದು ನಮಗೆ ಕಲಿಸಿದವರು... ಯಾರೂ ಓಡಲು ಆಗದ ಹೊತ್ತಿನಲ್ಲಿ ಸುಮ್ಮನಾಗಿದ್ದರು. ನಾನು ಮತ್ತು ಬಬಲೇಶ್ವರದ ಡಾಕ್ಟರು ಜೋರಾಪುರ ಪೇಟೆಗೆ ಹೋದೆವು. ಮನೆ ತುಂಬ ಮಂದಿ. ನಾವಿಬ್ಬರೂ ಗೋಡೆಗೆ ಒರಗಿ ನಿಂತೆವು. ನಮ್ಮ ಕೈಗೆ ಅಲ್ಲಿ ಯಾರೂ ಕೆಲಸ ಕೊಡಲಿಲ್ಲ.

ಅಷ್ಟೊಂದು ಚೀರಬಲ್ಲ ಅಕ್ಕ ಒಂದು ಮೂಲೆಯಲ್ಲಿ ಕುಳಿತಿದ್ದರು. ಅಳುತ್ತಿರಲಿಲ್ಲ, ಯಾರ ಮಾತಿಗೂ ಹ್ಞೂಂ ಎನ್ನುತ್ತಿರಲಿಲ್ಲ. ಮಂದಿ ಅಳುವವರನ್ನು ಸಮಾಧಾನ ಮಾಡುವುದರಲ್ಲಿ ಮಗ್ನರಾಗಿದ್ದರು. ಬಬಲೇಶ್ವರದ ಡಾಕ್ಟರು ಅದನ್ನು ಎಷ್ಟೋ ಹೊತ್ತು ನೋಡಿದರು. ಆಮೇಲೆ ಹೊಟ್ಟೆಯನ್ನು ಸಂಭಾಳಿಸಿಕೊಂಡು ಅವರ ಮುಂದೆ ಮೊಣಕಾಲೂರಿ, “ಅಕ್ಕಾರ, ಕೂಸಿನ ಕುಂಚಿಗಿ ಎಲ್ಲಿಟ್ಟೀರಿ? ಸ್ವಲ್ಪ ಹುಡುಕಿ ಕೊಡ್ರಿ,” ಎಂದರು.

ಅಕ್ಕ ಎದ್ದರು. ಪೆಟ್ಟಿಗೆ ತೆರೆದರು. ಕೆಂಪು ಖಣ ಕೈಗೆ ಬಂದೊಡನೆ ಗೋಡೆ ನಡುಗುವಂತೆ ಅತ್ತರು. ಬಬಲೇಶ್ವರದ ಡಾಕ್ಟರು ನನ್ನ ಕಡೆ ತಿರುಗಿ ತಲೆಯಾಡಿಸಿದರು. ಉಸಿರಿದೆ, ಎಂಬಂತೆ.

ಇಷ್ಟೆಲ್ಲ ಹೊಸ ರಬ್ಬರಿನ ಒಂದು ವಾಸನೆಯಿಂದ. ನಾನು ಅಕ್ಕನಿಗೆ ಫೋನು ಮಾಡಿ, ಹೊಸ ಕೂಸು ಬಂದಿದೆ, ಮೈಮೇಲೆ ಬಟ್ಟೆ ಇಲ್ಲ ಎಂದೆ. ಕಳಿಸಿಕೊಡುತ್ತಾರೆ ಎಂದುಕೊಂಡಿದ್ದೆ. ತರಬೇತಿಯ ದಿನ ಅವರೇ ತಿಕೋಟಾದ ಬಸ್ಸಿಳಿದರು, ಬಗಲಲ್ಲಿ ಗಂಟು. ಹಳೆಯ ಗೊಂಬೆಯ ರಬ್ಬರು ಬಿರುಕು ಬಿಟ್ಟಿದೆಯಂತೆ. ಅದನ್ನು ಪೆಟ್ಟಿಗೆಯಲ್ಲಿಟ್ಟು ಕುಂಚಿಗಿ, ಕೌದಿ, ಉಡದಾರ ತಂದಿದ್ದರು. ಹೊಸದಕ್ಕೆ ಪೌಡರ್ ಬಳಿದು, ಬಟ್ಟೆ ತೊಡಿಸಿ, ಕಾಡಿಗೆಯ ಬೊಟ್ಟಿಟ್ಟು, “ಇದರ ಎದ್ಯಾಗ ದೀಪಾ ಯಾಕ ಇಟ್ಟಾರ? ದೃಷ್ಟಿ ಆಗತೈತಿ,” ಎಂದು ಕೌದಿ ಬಿಗಿದು ಕಟ್ಟಿದರು.

ಮೊದಲು ಬಂದವಳು ಒಬ್ಬ ತರುಣ ವೈದ್ಯೆ. ಜಾಣೆ, ಎಲ್ಲ ಓದಿಕೊಂಡು ಬಂದಿದ್ದಳು. ಅವಳು ಮೊಣಕಾಲೂರಿದ್ದೇ ತಡ, ಅಕ್ಕ ಹಿಂದಿನಿಂದ ಹೆಗಲು ಹಿಡಿದು ಚೀರಿದರು. ಪ್ರಾಯ ಎಂಬತ್ತರ ಹತ್ತಿರ, ದನಿಗೆ ಮಾತ್ರ ವಯಸ್ಸಾಗಿರಲಿಲ್ಲ. ಹುಡುಗಿ ಬೆಚ್ಚಿ ನನ್ನ ಮುಖ ನೋಡಿದಳು. ನಾನು ಛಾವಣಿ ನೋಡಿದೆ. ಬಬಲೇಶ್ವರದ ಡಾಕ್ಟರು ಮೂಲೆಯಲ್ಲಿ ಕುಳಿತು ರೊಟ್ಟಿಯ ಬುಟ್ಟಿ ಕಾಯುತ್ತಿದ್ದರು.

“ಆಯಿ,” ಎಂದಳು ಹುಡುಗಿ ಕೊನೆಗೆ, ಕೌದಿ ಹರಿಯುವಂತೆ ಎಳೆಯುತ್ತ, “ನೀವು ಎಣಸ್ರಿ!”

“ಲಾಭ!” ಎಂದರು ಅಕ್ಕ.

ಹುಡುಗಿ ಪಾಸಾದಳು. ಅಂದು ಬಂದ ಉಳಿದವರೂ ಪಾಸಾದರು, ಇಬ್ಬರನ್ನು ಬಿಟ್ಟು. ಆ ಇಬ್ಬರು ಊಟಕ್ಕೆ ಬಡಿಸಿದರು. ದ್ರಾಕ್ಷಿ ನುಂಗಿದ ಕೂಸು ಈಗ ತಿಕೋಟಾದ ಶಾಲೆಯಲ್ಲಿ ಎರಡನೆಯ ಇಯತ್ತೆ ಓದುತ್ತಿದೆ.